ಐದೂರಿನ ಕಾಟಾ, ಒಂದು ನಿಂಬೆಹಣ್ಣು

ಸೇಡಂ ಬಜಾರಿಗೆ ಕಸ ಗುಡಿಸುವವರು ಇನ್ನೂ ಬಂದಿಲ್ಲ. ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ದೀಪ ಹತ್ತುತ್ತದೆ. ಭಾಗ್ಯಜ್ಯೋತಿ ಮುಖ ತೊಳೆಯುವ ಮೊದಲೇ ಕಂಪ್ಯೂಟರಿನ ಮುಂದೆ ಕೂತು, ಕೂದಲಿಗೆ ಗಂಟು ಹಾಕುತ್ತಾ, ಪರದೆಗೆ ದಿನದ ಮೊದಲ ಪ್ರಶ್ನೆ ಕೇಳುತ್ತಾರೆ.

“ಯಾರು ಹಿಡ್ಕೊಂಡಾರ?”

ಉತ್ತರ ಪರದೆಗಿಂತ ಮೊದಲು ಒಲೆಯ ಕಡೆಯಿಂದ ಬರುತ್ತದೆ. “ಹಾಲಿನಾಕಿ ನಮ್ಮ ಡಬ್ಬಿ ಹಿಡ್ಕೊಂಡು ವಾರ ಆತು. ಅದನ್ನ ಕೇಳವ್ರು ಈ ಮನ್ಯಾಗ ಯಾರೂ ಇಲ್ಲ.”

ಹೇಳಿದವರು ತಾಯಿ ಅನಸುಬಾಯಿ. ಮಗಳ ಕೆಲಸ ಏನೆಂದು ಅವರಿಗೆ ಪೂರ್ತಿ ಗೊತ್ತಿಲ್ಲ. ಯಾರೋ ಏನನ್ನೋ ಹಿಡಿದುಕೊಂಡು ಬಿಡದೆ ಕೂತಿರುತ್ತಾರೆ, ಮಗಳು ಅದನ್ನು ಬಿಡಿಸುತ್ತಾಳೆ ಎಂಬಷ್ಟು ಗೊತ್ತು. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು ತಿಳಿಯಬೇಕಾದ್ದೂ ಇಲ್ಲ.

ಈ ಸೀಮೆಯಲ್ಲಿ ಲಾರಿ ತೂಗುವ ಕಟ್ಟೆಗೆ ಕಾಟಾ ಎನ್ನುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂರಿನ ಕಾಟಾ ಮಾಲೀಕರು ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ವಾಡಿಯಲ್ಲಿ ಖಾಲಿ ತೂಗಿದ ಲಾರಿ ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ತುಂಬಿಕೊಂಡು ಶಹಾಬಾದದಲ್ಲಿ ತೂಕಕ್ಕೆ ನಿಲ್ಲುತ್ತದೆ. ಕೊಡ್ಲಿಯ ತೊಗರಿ ಚಿಂಚೋಳಿಯಲ್ಲೊಮ್ಮೆ, ಸೇಡಂನಲ್ಲೊಮ್ಮೆ ತೂಗುತ್ತದೆ. ಹಾಗಾಗಿ ಐದೂರಿಗೂ ತೂಕದ ಚೀಟಿಯ ನಂಬರು ಒಂದೇ ಸಾಲಿನಲ್ಲಿ ಬರಬೇಕು. ಆ ಸಾಲನ್ನು ಕಾಯುವ ಪ್ರೋಗ್ರಾಮು ಬರೆದವರು ಭಾಗ್ಯಜ್ಯೋತಿ. ಅದು ಕೂತಿರುವುದು ಅವರ ಮಂಚದ ಪಕ್ಕದ ಕಂಪ್ಯೂಟರಿನಲ್ಲಿ. ಅದರ ಮೇಲೊಂದು ಹಳೆಯ ಸೀರೆಯ ತುಂಡು ಹೊದಿಸಿದೆ. “ಧೂಳಿಗಿ” ಎನ್ನುತ್ತಾರೆ ಅವರು. “ಥಂಡಿಗಿ” ಎನ್ನುತ್ತಾರೆ ಅನಸುಬಾಯಿ.

ಭಾಗ್ಯಜ್ಯೋತಿ ಹುಟ್ಟಿದ್ದು ರಾವೂರಿನಲ್ಲಿ. ತಂದೆ ಕಲ್ಲಿನ ಖಣಿಯಲ್ಲಿದ್ದರು. ತಾಯಿ ಅಲ್ಲೇ ಬುಟ್ಟಿ ಹೊತ್ತವರು. ಕಲಬುರಗಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಬಂದಾಗ ಸೇಡಂನಲ್ಲಿ ಸಿಕ್ಕಿದ್ದು ಟೈಪಿಂಗ್ ಕ್ಲಾಸಿನ ಕೆಲಸ. ಟೈಪಿಂಗ್ ಕಲಿಯುವವರು ಇಲ್ಲವಾಗಿ ಕ್ಲಾಸು ಮುಚ್ಚಿದ ಮೇಲೆ, ಅಲ್ಲಿ ಉಳಿದಿದ್ದ ಒಂದು ಮೇಜು, ಒಂದು ಕುರ್ಚಿ ಇವರ ಪಾಲಿಗೆ ಬಂದವು. ಆ ಮೇಜಿನ ಮೇಲೆಯೇ ಕಾಟಾ ಪ್ರೋಗ್ರಾಮು ಹುಟ್ಟಿತು.

ಅವರ ದಿನದ ಬಹುಪಾಲು ಹೋಗುವುದು ಬರೆಯುವುದರಲ್ಲಲ್ಲ, ಬಿಡಿಸುವುದರಲ್ಲಿ. ಪ್ರತಿ ಕಾಟಾ ಚೀಟಿ ತೆರೆಯುವಾಗ ಸೇಡಂನ ಡೇಟಾಬೇಸಿಗೆ ಒಂದು ಕನೆಕ್ಷನ್ ಹಿಡಿಯುತ್ತದೆ. ಕನೆಕ್ಷನ್ನುಗಳು ಇರುವುದೇ ಬೆರಳೆಣಿಕೆಯಷ್ಟು.

“ನಳ ಇದ್ದಂಗ ನೋಡ್ರಿ ಅದು,” ಎನ್ನುತ್ತಾರೆ. “ಕೊಡ ತುಂಬಿದ ಮ್ಯಾಲ ತಗೀಬೇಕು. ಕೊಡ ಅಲ್ಲೇ ಬಿಟ್ಟು ಮಾತಾಡ್ಕೋತ ನಿಂತ್ರ ಹಿಂದ ಪಾಳಿ ಹಚ್ಚಿದವರು ಏನ್ ಮಾಡಬೇಕು?”

“ನಾ ಆಗಿದ್ರ ಕೊಡ ತಗದು ಬಾಜುಕ ಒಗೀತಿದ್ದೆ,” ಎನ್ನುತ್ತಾರೆ ಅನಸುಬಾಯಿ.

“ನೀ ಒಗದೀದಿ. ನಾ ನೋಡೀನಿ.”

ಕನೆಕ್ಷನ್ನಿನ ಜೊತೆಗೆ ಬೀಗವೂ ಇದೆ. ಒಂದು ಕಾಟಾ ಮುಂದಿನ ನಂಬರು ತೆಗೆದುಕೊಳ್ಳುವಾಗ ಇನ್ನೊಂದು ಅದೇ ನಂಬರಿಗೆ ಕೈ ಹಾಕಬಾರದು. ಅದಕ್ಕೆ ನಂಬರಿನ ಕಡತಕ್ಕೆ ಕ್ಷಣಕಾಲ ಬೀಗ ಬೀಳುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಹಾಗೆ. ಎಸೆದವನು ಹತ್ತಿ ಕೂತರೆ ಸರಿ. ಅವನು ಚಹಾ ಕುಡಿಯಲು ಹೋಗಿ ಅಲ್ಲೇ ಯಾರದೋ ಮದುವೆಯ ಮಾತಿಗೆ ಕೂತರೆ, ಖಾಲಿ ಸೀಟಿನ ಸುತ್ತ ಬಸ್ಸಿಗೆ ಬಸ್ಸೇ ನಿಂತು ಪ್ರಯಾಣ ಮಾಡುತ್ತದೆ. ಆ ಟವೆಲನ್ನು ಯಾರೂ ಮುಟ್ಟುವುದಿಲ್ಲ. ಈ ಸೀಮೆಯ ಜನ ಅಷ್ಟು ಮರ್ಯಾದಸ್ಥರು.

ಹೋದ ತೊಗರಿ ಸುಗ್ಗಿಯಲ್ಲಿ ಐದೂರಿಗೆ ಆದದ್ದು ಇದೇ.

ಮುಂಜಾನೆ ಕಾಟಾಗಳು ತೆರೆಯುತ್ತವೆ. ಸ್ವಲ್ಪ ಹೊತ್ತು ಎಲ್ಲ ಸರಿ. ಆಮೇಲೆ ವಾಡಿ, ಶಹಾಬಾದ, ಸೇಡಂ, ಚಿಂಚೋಳಿಗಳ ಪರದೆ ಒಂದರ ಹಿಂದೊಂದು “ದಯವಿಟ್ಟು ತಡೆಯಿರಿ” ಎಂದು ನಿಂತುಬಿಡುತ್ತದೆ. ಕಟ್ಟೆಯ ಮೇಲೆ ಲಾರಿ, ಲಾರಿಯ ಹಿಂದೆ ಲಾರಿ, ಚೀಟಿ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಚಿಂಚೋಳಿಯವರು ಇದು ಕರೆಂಟಿನ ದೋಷ ಎಂದರು. ಶಹಾಬಾದದವರು ಕಂಪ್ಯೂಟರಿಗೆ ಬಿಸಿಲು ಆಗುವುದಿಲ್ಲ ಎಂದರು. ವಾಡಿಯ ಕಾಟಾ ಮಾಲೀಕ ಇಮ್ರಾನ್ ನೇರವಾಗಿ ಫೋನ್ ಮಾಡಿದರು.

“ಅಕ್ಕಾ, ದಯವಿಟ್ಟು ಅಂತ ಬರೀಬ್ಯಾಡ್ರಿ ಅದರಾಗ. ಲಾರಿ ಡ್ರೈವರ್ ಓದಿ ಇನ್ನಾ ಗರಂ ಆಗ್ಲಿಕತ್ತಾರ. ದಯಾ ಯಾರಿಗಿ ಬೇಕಾಗ್ಯಾದ, ಚೀಟಿ ಕೊಡು ಅಂತಾರ.”

“ಜರಾ ತಡೀರಿ, ನೋಡ್ಲಿಕತ್ತೀನಿ.”

“ನೀವೂ ಅದನ್ನೇ ಅನ್ನಾಕತ್ತೀರಲ್ಲ!”

ಐದರಲ್ಲಿ ಒಂದು ಕಾಟಾ ಮಾತ್ರ ದಿನವಿಡೀ ನಿರಾತಂಕವಾಗಿ ನಡೆಯುತ್ತಿತ್ತು. ಅದು ಸಂಘದ ಅಧ್ಯಕ್ಷರಾದ ದೇವಿಂದ್ರಪ್ಪನವರ ಚಿತ್ತಾಪುರದ ಕಾಟಾ. ಬೇರೆ ಕಡೆ ಕಾದು ಸುಸ್ತಾದ ಲಾರಿಗಳೂ ಅಲ್ಲಿಗೇ ಬರತೊಡಗಿದವು. ಹಾಗಾಗಿ ಸಂಘದ ಸಭೆಯಲ್ಲಿ ಮಿಕ್ಕ ನಾಲ್ವರು ಪ್ರೋಗ್ರಾಮನ್ನು ಬೈಯುವಾಗ ಭಾಗ್ಯಜ್ಯೋತಿಯ ಪರವಾಗಿ ನಿಂತವರು ಅವರೊಬ್ಬರೇ. “ಹುಡುಗಿ ಬರದದ್ದು ಭಾಳ ಚಲೋ ಅದ. ನಿಮ್ಮ ಬೋಣಿನೇ ಸರಿ ಇಲ್ಲ,” ಎಂದುಬಿಟ್ಟರು. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ.

ಆದರೂ ನಾಲ್ವರ ಮಾತು ಗೆದ್ದಿತು. ಬರುವ ಅಮಾವಾಸ್ಯೆಯೊಳಗೆ ಸರಿ ಹೋಗದಿದ್ದರೆ ಹೈದರಾಬಾದಿನಿಂದ ಸಿದ್ಧ ಸಾಫ್ಟ್‌ವೇರ್ ತರಿಸುವುದೆಂದು ತೀರ್ಮಾನವಾಯಿತು. ಭಾಗ್ಯಜ್ಯೋತಿಗೆ ಇದ್ದ ಖಾಯಂ ಕೆಲಸ ಇದೊಂದೇ. ಇದು ಹೋದರೆ ಸೇಡಂನ ಕೋಣೆ ಬಿಟ್ಟು ರಾವೂರಿನ ಕಲ್ಲಿನ ಧೂಳಿಗೆ ಮರಳಬೇಕು. ಅನಸುಬಾಯಿಯ ಕೆಮ್ಮು ಅಲ್ಲಿಂದಲೇ ಬಂದದ್ದು.

ಆ ದಿನಗಳ ಬಗ್ಗೆ ಕೇಳಿದರೆ ಭಾಗ್ಯಜ್ಯೋತಿ ಎದ್ದು ಕಿಟಕಿ ಮುಚ್ಚುತ್ತಾರೆ. ಕೆಳಗೆ ಟೇಲರ್ ಮಷಿನ್ ಓಡುತ್ತಿರುತ್ತದೆ.

“ಕೆಲ್ಸ ಹೋಗ್ತದಂತ ಫಿಕರ್ ಇತ್ತು. ಅದಕ್ಕಿಂತ ಹೆಚ್ಚು, ತಿಳೀವಲ್ದು ಅಂತ ಸಿಟ್ಟು ಇತ್ತು.”

ಪರದೆಯಲ್ಲಿ ಬೀಗ ಹಿಡಿದವರ ಹೆಸರೇನೋ ಕಾಣುತ್ತಿತ್ತು. ಚಿತ್ತಾಪುರ. ಆದರೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ, ಹೆಚ್ಚು ಲಾರಿ ಹೋಗುತ್ತಿದ್ದದ್ದೂ ಅಲ್ಲಿಗೇ. ಅಲ್ಲದೆ ಬಿಟ್ಟುಹೋದ ಚೀಟಿಗಳಿಗೆ ಅವರು ಮೊದಲೇ ಒಂದು ಉಪಾಯ ಮಾಡಿದ್ದರು. ಅರ್ಧ ಗಂಟೆ ಯಾರೂ ಕೀಬೋರ್ಡ್ ಮುಟ್ಟದಿದ್ದರೆ ಚೀಟಿ ತಾನೇ ಮುಚ್ಚಿಕೊಂಡು ಬೀಗ ಬಿಡುತ್ತದೆ. ಚಿತ್ತಾಪುರದಲ್ಲಿ ಮಾತ್ರ ಯಾರೋ ಮುಂಜಾನೆಯಿಂದ ಸಂಜೆಯವರೆಗೆ ಒಂದೇ ಸಮನೆ ಗುಂಡಿ ಒತ್ತುತ್ತಲೇ ಇದ್ದರು. ಉಸಿರಿಗೂ ಬಿಡುವಿಲ್ಲದೆ.

“ಎಂಥಾ ದುಡಿಯೋ ಮನುಷ್ಯಾ ಇದ್ದಾನಪ್ಪ ಅಂದ್ಕೊಂಡೆ,” ಎನ್ನುತ್ತಾರೆ. ಒಂದು ದಿನ ಫೋನ್ ಮಾಡಿದರು.

“ದೇವಿಂದ್ರಪ್ಪ ಕಾಕಾ, ನಿಮ್ಮ ಎರಡು ಕಂಪ್ಯೂಟರಿನಾಗ ಹಳೇದರ ಮುಂದ ಯಾರು ಕುಂತಾರ್ರಿ?”

“ಯಾರೂ ಇಲ್ಲವ್ವ. ಎಲ್ಲಾರೂ ಹೊರಗ ಚಾ ಕುಡೀಲಿಕತ್ತೀವಿ.”

ಅದೇ ಹೊತ್ತಿಗೆ ಪರದೆಯಲ್ಲಿ ಗುಂಡಿ ಒತ್ತುವುದು ನಡೆದೇ ಇತ್ತು. ಭಾಗ್ಯಜ್ಯೋತಿ ಒಲೆಯ ಕಡೆ ತಿರುಗಿದರು.

“ಯವ್ವಾ, ಅಲ್ಲಿ ಯಾರೂ ಇಲ್ಲಂತ. ಆದ್ರ ಬರೀಲಿಕತ್ತಾರ.”

“ಏನ್ ಬರೀಲಿಕತ್ತಾರ?” ಅನಸುಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದರು.

“ಏನೂ ಇಲ್ಲ. ಬರೀ ಖಾಲಿ ಜಾಗ.”

“ಹಂಗಾರ ದೆವ್ವ ಅಲ್ಲ ಬಿಡು. ದೆವ್ವಕ್ಕ ಹೇಳ್ಕೊಳ್ಳಾಕ ಭಾಳ ಇರ್ತಾವ.”

ಬೇರೆ ದಾರಿ ಕಾಣದೆ ಸೇಡಂನಿಂದಲೇ ಒಮ್ಮೆ ಆ ಬೀಗ ಕತ್ತರಿಸಿ ನೋಡಿದರು. ನಾಲ್ಕೂ ಊರು ಒಮ್ಮೆಲೇ ಉಸಿರು ಬಿಟ್ಟವು. ಒಂದು ಗಳಿಗೆಯಲ್ಲಿ ಚಿತ್ತಾಪುರ ಮತ್ತೆ ಹಿಡಿದುಕೊಂಡಿತು. ಈ ಸಲ ಇನ್ನೂ ಗಟ್ಟಿಯಾಗಿ. ಮರುದಿನ ಅವರು ಚಿತ್ತಾಪುರದ ಬಸ್ ಹತ್ತಿದರು.

ದೇವಿಂದ್ರಪ್ಪ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ಕೂತಿದ್ದರು. ಬಸಿ ತಟ್ಟೆಯಲ್ಲಿ ಚಹಾ. “ಬಾ ಯವ್ವಾ, ಕುಂದ್ರು. ನಿನ್ನ ಸಾಫ್ಟ್‌ವೇರ್ ಬಂಗಾರ ಅದ, ಬಂಗಾರ.” ಒಳಗೆ ಎರಡು ಕಂಪ್ಯೂಟರ್. ಹೊಸದು ವ್ಯವಹಾರಕ್ಕೆ. ಹಳೆಯದು ಬೋಣಿಗೆ. ಹಳೆಯದರ ಪರದೆಯ ಮೇಲೂ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಅದರಲ್ಲಿ ಆ ದಿನದ ಮೊದಲ ಚೀಟಿ ತೆರೆದೇ ಇದೆ. ಮುಂದೆ ಊದುಬತ್ತಿ. ಕೀಬೋರ್ಡಿನಲ್ಲಿ ಖಾಲಿ ಜಾಗ ಬಿಡುವ ಅತಿ ಅಗಲದ ಗುಂಡಿಯ ಮೇಲೆ ಎರಡು ದಪ್ಪ ನಿಂಬೆಹಣ್ಣು.

ಭಾಗ್ಯಜ್ಯೋತಿ ನಿಂಬೆಹಣ್ಣಿನ ಕಡೆ ಬೆರಳು ತೋರಿಸಿದರಂತೆ.

“ಕಾಕಾ, ಇದು ಯಾಕ ಇಲ್ಲಿ ಇಟ್ಟೀರಿ?”

“ಬ್ಯಾರೇ ಗುಂಡಿ ಮ್ಯಾಲ ನಿಂದ್ರವಲ್ವು ಯವ್ವಾ, ಉಳ್ಳಿ ಬೀಳ್ತಾವ.”

ಕಥೆ ಹೀಗಿತ್ತು. ದೇವಿಂದ್ರಪ್ಪನವರ ತಂದೆಯ ಕಾಲದಲ್ಲಿ ಚೀಟಿ ಪುಸ್ತಕವಿತ್ತು. ದಿನದ ಮೊದಲ ಚೀಟಿಯನ್ನು ದೀಪ ಹಚ್ಚುವವರೆಗೆ ಹರಿಯುತ್ತಿರಲಿಲ್ಲ. ಡ್ರೈವರನಿಗೆ ಬೇರೆ ಕಾಗದದಲ್ಲಿ ನಕಲು ಬರೆದು ಕೊಡುತ್ತಿದ್ದರು. ಬೋಣಿ ತೆರೆದಿದ್ದರೆ ದಿನ ತೆರೆದಿರುತ್ತದೆ ಎಂಬ ನಂಬಿಕೆ. ಕಂಪ್ಯೂಟರ್ ಬಂದ ಮೇಲೂ ಅವರು ಮೊದಲ ಚೀಟಿ ಮುಚ್ಚಲಿಲ್ಲ. ಆದರೆ ಅರ್ಧ ಗಂಟೆಗೆ ಅದು ತಾನೇ ಮಾಯವಾಗತೊಡಗಿತು. ಯಾರದೋ ನಜರ್, ಕೆಟ್ಟ ದೃಷ್ಟಿ, ತಾಗಿದೆ ಎಂದು ಅವರ ಹೆಂಡತಿ ಮಹಾದೇವಮ್ಮ ನಿಂಬೆಹಣ್ಣು ಇಡಲು ಹೇಳಿದರು. ಇಟ್ಟ ದಿನದಿಂದ ಚೀಟಿ ಅಲ್ಲಾಡಲಿಲ್ಲ.

“ನಿನ್ನಿ ಒಮ್ಮೆ ಮುರೀತು ನೋಡು. ಯಾರೋ ದೊಡ್ಡ ನಜರ್ ಇಟ್ಟಾರ ಅಂತ ಇನ್ನೊಂದು ಹಣ್ಣು ಇಟ್ಟೆ.”

“ಅದು ನಾನ್ರಿ, ಕಾಕಾ.”

“ಏನು?”

“ಆ ನಜರ್ ನಂದೇ.”

ಸವೆದ ಕೀಬೋರ್ಡು, ತೂಕದ ಹಣ್ಣು. ಗುಂಡಿ ಒತ್ತಿಕೊಂಡೇ ಇತ್ತು, ಪ್ರೋಗ್ರಾಮು ಅದನ್ನು ಮನುಷ್ಯನೆಂದು ನಂಬಿತ್ತು. ತೆರೆದ ಚೀಟಿ ನಂಬರಿನ ಕಡತದ ಬೀಗ ಹಿಡಿದಿತ್ತು. ಬೀಗ ಚಿತ್ತಾಪುರದ ಹೆಸರಿನಲ್ಲಿದ್ದುದರಿಂದ ಅಲ್ಲಿಯ ಹೊಸ ಕಂಪ್ಯೂಟರಿಗೆ ಮಾತ್ರ ದಾರಿ, ಮಿಕ್ಕ ನಾಲ್ಕೂರಿಗೆ “ದಯವಿಟ್ಟು ತಡೆಯಿರಿ.” ಇಷ್ಟನ್ನೂ ಭಾಗ್ಯಜ್ಯೋತಿ ಬಿಡಿಸಿ ಹೇಳಿದರು. ಚಹಾ ಬಸಿಯಲ್ಲೇ ಆರಿತು.

“ನೀ ಹೇಳೋದೆಲ್ಲಾ ಖರೆ, ಯವ್ವಾ. ಆದ್ರ ನಮ್ಮಪ್ಪ ಇಟ್ಟ ಪದ್ಧತಿ. ಬೋಣಿ ಮುಚ್ಚಂಗಿಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ಭಾಗ್ಯಜ್ಯೋತಿ ನಿಂತೇ ಬಂದರು. ಪಕ್ಕದ ಸೀಟಿನ ಮೇಲೆ ಯಾರದೋ ಟವೆಲ್ ಕೂತಿತ್ತು. ದೇವಿಂದ್ರಪ್ಪನವರ ಮಾತು ಮೀರಿ ಚೀಟಿ ಮುಚ್ಚಿಸಿದರೆ ಸಂಘದಲ್ಲಿ ತಮ್ಮ ಪರ ಇದ್ದ ಒಂದೇ ಕೈಯೂ ಇಳಿಯುತ್ತದೆ. ಮುಚ್ಚಿಸದಿದ್ದರೆ ಅಮಾವಾಸ್ಯೆ ಹತ್ತಿರ ಬರುತ್ತಿದೆ. ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದರು. ಅನಸುಬಾಯಿ ನಿಂಬೆಹಣ್ಣಿನ ಮಾತಿಗೆ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಗೋಡೆಯ ಮೇಲಿದ್ದ ತಮ್ಮ ಮದುವೆಯ ಫೋಟೊ ತೋರಿಸಿದರು.

“ಅಲ್ಲ ಜ್ಯೋತಿ, ನಂದೂ ನಿಮ್ಮಪ್ಪಂದೂ ಮದಿವಿ ಫೋಟೊ ಇಲ್ಲೇ ಅದ. ದಿನಾ ನೋಡ್ತೀವಿ. ಹಂಗಂತ ನಾವಿಬ್ಬರೂ ಇನ್ನಾ ಹಂದರದಾಗೇ ನಿಂತೀವೇನು? ನಾವು ಅಲ್ಲೇ ನಿಂತಿದ್ರ ಬೀಗರು ಊಟ ಮಾಡಿ ಮನಿಗಿ ಹ್ಯಾಂಗ ಹೋಗ್ತಿದ್ರು? ಆ ಸೌಕಾರಗ ಫೋಟೊ ಕೊಡು. ಚೀಟಿ ಬಿಡಿಸ್ಕೋ.”

ಭಾಗ್ಯಜ್ಯೋತಿ ಎದ್ದು ಕಂಪ್ಯೂಟರಿನ ಮುಂದೆ ಕೂತರು. ತಪ್ಪು ನಿಂಬೆಹಣ್ಣಿನದಲ್ಲ ಎನ್ನುತ್ತಾರೆ ಅವರು ಈಗ.

“ತಪ್ಪು ನಂದೇ ಇತ್ರಿ. ಚೀಟಿ ತೆರೆದಾಗಿಂದ ಮುಚ್ಚೋತನ ಕನೆಕ್ಷನ್ನೂ ಬೀಗಾನೂ ಹಿಡ್ಕೊಂಡು ಕುಂದ್ರೋಹಂಗ ಬರದಿದ್ದೆ. ಮನುಷ್ಯಾ ಚಾ ಕುಡೀತಾನ, ಮಾತಾಡ್ತಾನ, ಪೂಜಾ ಮಾಡ್ತಾನ. ಅವನು ಗುಂಡಿ ಒತ್ತೋತನ ಪ್ರೋಗ್ರಾಮ್ ಕೈ ಹಿಡ್ಕೊಂಡು ನಿಂದ್ರಬಾರದು. ಬೇಕಾದಷ್ಟು ತಗೋಬೇಕು, ಬರೀಬೇಕು, ಬಿಡಬೇಕು.”

ಈಗ ನಂಬರು ತೆಗೆದುಕೊಂಡ ಕೂಡಲೇ ಬೀಗ ಬಿಡುತ್ತದೆ. ತೂಕ ಬರೆದ ಕೂಡಲೇ ಕನೆಕ್ಷನ್ ಮರಳುತ್ತದೆ. ಪರದೆಯ ಮೇಲೆ ಉಳಿಯುವುದು ಚೀಟಿಯ ಚಿತ್ರ ಮಾತ್ರ. ಅದು ದಿನವಿಡೀ ಇದ್ದರೂ ಯಾರ ದಾರಿಗೂ ಅಡ್ಡವಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಚಿಂಚೋಳಿಯಲ್ಲಿ ಕುಂಚಾವರಂ ಕಡೆಯಿಂದ ಗಾಳಿ ಎದ್ದರೆ ಸಾಕು, ಕರೆಂಟು ಹೋಗುತ್ತದೆ. ಅರ್ಧ ಬರೆದ ಚೀಟಿ ಕನೆಕ್ಷನ್ ಹಿಡಿದುಕೊಂಡೇ ಕತ್ತಲಲ್ಲಿ ಕೂತುಬಿಡುತ್ತಿತ್ತು. ಅದಕ್ಕೂ ಒಂದು ಏರ್ಪಾಡಾಯಿತು. ಕೆಲಸ ಆಗಲಿ, ಕೆಡಲಿ, ನಡುವೆ ಆ ಕಡೆಯ ಕಂಪ್ಯೂಟರೇ ಸತ್ತುಹೋಗಲಿ, ಹಿಡಿದದ್ದನ್ನು ಬಿಡು ಎಂಬ ಪ್ರೋಗ್ರಾಮಿನ ಸಾಲು ಮಾತ್ರ ಸೇಡಂನಲ್ಲಿ ತಪ್ಪದೆ ನಡೆಯಲೇಬೇಕು.

“ಎಲ್ಲಾ ಸರಿ ಇದ್ದಾಗ ಬಿಡೋದು ಯಾರಿಗಾದ್ರೂ ಬರ್ತದ,” ಎನ್ನುತ್ತಾರೆ. “ಕೆಟ್ಟಾಗ ಬಿಡೋದು ಕಲಿಸಬೇಕು.”

ಅವರು ಗುಟ್ಟಾಗಿ ಏನನ್ನೂ ಮಾಡಲಿಲ್ಲ. ಮತ್ತೆ ಚಿತ್ತಾಪುರಕ್ಕೆ ಹೋಗಿ, “ಕಾಕಾ, ಇದು ಫೋಟೊ ಅದ್ರಿ. ಖರೇ ಚೀಟಿ ಆಗ್ಲೇ ಮುಚ್ಚೇದ,” ಎಂದು ನೇರವಾಗಿ ಹೇಳಿದರು. ಹೊರಗೆ ಒಂದು ಲಾರಿ ಕಟ್ಟೆ ಹತ್ತಿ, ತೂಗಿ, ಇಳಿದು ಹೋಯಿತು. ದೇವಿಂದ್ರಪ್ಪ ಕುಂಕುಮದ ಬಟ್ಟಲು ಕೈಗೆ ತೆಗೆದುಕೊಂಡರು.

“ಫೋಟೊಕ್ಕ ಕುಂಕುಮ ಹಚ್ಚಬಹುದೇನು?”

“ಹಚ್ಚಬಹುದ್ರಿ.”

“ಹಂಗಾರ ನಡೀತದ. ನಮ್ಮಪ್ಪಂದೂ ಈಗ ಫೋಟೊನೇ ಅದ.”

ಅಮಾವಾಸ್ಯೆಯ ದಿನ ಕಾಟಾಗಳಿಗೆಲ್ಲ ಪೂಜೆ. ಸಭೆ ವಾಡಿಯಲ್ಲಿ, ಇಮ್ರಾನರ ಕಾಟಾದ ಹಿಂದಿನ ಕೋಣೆಯಲ್ಲಿ. ಭಾಗ್ಯಜ್ಯೋತಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಅಷ್ಟರಲ್ಲಾಗಲೇ ನಾಲ್ಕೂರಿನ ಕಾಟಾ ಕೆಲವು ದಿನಗಳಿಂದ ಎಡವದೆ ನಡೆದಿತ್ತು. ಚಿತ್ತಾಪುರಕ್ಕೆ ಹೋಗುತ್ತಿದ್ದ ಲಾರಿಗಳು ತಮ್ಮ ತಮ್ಮ ಊರಿಗೆ ಮರಳಿದ್ದವು. ಅಂದರೆ ದೇವಿಂದ್ರಪ್ಪನವರ ಅಂಗಳ ತುಸು ಖಾಲಿಯಾಗಿತ್ತು. ಅವರು ಏನು ಹೇಳುತ್ತಾರೋ ಎಂದು ಭಾಗ್ಯಜ್ಯೋತಿ ಸೆರಗಿನ ತುದಿ ತಿರುವುತ್ತಿದ್ದರು.

ಇಮ್ರಾನ್ ಮೊದಲು ಮಾತಾಡಿದರು. “ನಮ್ಮ ಕಡೆ ಈಗ ಏನೂ ಪರೇಶಾನಿ ಇಲ್ರಿ. ಅಕ್ಕ ಏನ್ ಮಾಡಿದ್ರೋ ಗೊತ್ತಿಲ್ಲ.”

“ನನಗ ಗೊತ್ತದ,” ಎಂದು ಅಧ್ಯಕ್ಷರು ಎದ್ದು ನಿಂತರು. “ಇಷ್ಟು ದಿನ ಬೋಣಿ ನಾ ಒಬ್ಬನೇ ಹಿಡ್ಕೊಂಡು ಕುಂತಿದ್ದೆ. ತಿಳೀದೇ ಹಿಡ್ಕೊಂಡಿದ್ದೆ. ಈ ಹುಡುಗಿ ಬಂದು ಬಿಡಿಸಿದ್ಲು. ಈಗ ಐದೂರಿಗೂ ಬಿಟ್ಟೀನಿ. ಹೈದರಾಬಾದಿನವರಿಗಿ ನಮ್ಮ ಬೋಣಿ ಏನ್ ತಿಳೀತದ? ಆ ಮಾತು ಇಲ್ಲಿಗಿ ಬಿಡ್ರಿ.”

ಇಮ್ರಾನ್ ಮೊದಲು ತಲೆಯಾಡಿಸಿದರು, ಹಿಂದೆಯೇ ಉಳಿದವರೂ. ಹೈದರಾಬಾದಿನ ಮಾತು ಅಲ್ಲಿಗೆ ಮುಗಿಯಿತು. ದೇವಿಂದ್ರಪ್ಪ ಕೂರುವ ಮೊದಲು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಪ್ರತಿ ಕಾಟಾಕ್ಕೂ ಒಂದೊಂದು ನಿಂಬೆಹಣ್ಣು ತಂದಿದ್ದರು.

ಆ ಪೊಟ್ಟಣದ ಗತಿ ಏನಾಯಿತೆಂದರೆ ಭಾಗ್ಯಜ್ಯೋತಿ ನಗುತ್ತಾರೆ. ವಾಡಿಯದು ಇಮ್ರಾನರ ಶರಬತ್ತಿಗೆ ಹೋಯಿತಂತೆ. ಮಿಕ್ಕವು ಕೀಬೋರ್ಡಿನ ಮೇಲೆಯೇ ಇವೆ. ನಿಂಬೆಹಣ್ಣು ಒತ್ತಿದರೂ ಏನೂ ಆಗದಂತೆ ಅವರು ಪ್ರೋಗ್ರಾಮಿಗೆ ಈಗ ಹೇಳಿಕೊಟ್ಟಿದ್ದಾರೆ. ಸಂಘದವರಿಂದ ಸನ್ಮಾನ ಗಿನ್ಮಾನ ಏನಾದರೂ ಬೇಕೆನಿಸುತ್ತದೆಯೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

“ಶಾಲು ತಗೊಂಡು ಏನ್ ಮಾಡ್ಲಿ? ಒಂದೇ ಆಸೆ ಅದ್ರಿ. ಹಣ್ಣು ಕೀಬೋರ್ಡ್ ಬಾಜುಕ ಇಟ್ರ ಸಾಕು. ರಸ ಇಳದು ಗುಂಡಿ ಹಾಳಾಗ್ಲಿಕತ್ತಾವ.”

ಹೊರಗೆ ಬೆಳಕು ಹರಿದಿದೆ. ಫೋನ್ ಒಮ್ಮೆ ಸದ್ದು ಮಾಡುತ್ತದೆ. ಈಗ ಮುಂಜಾನೆ ಬರುವುದು ಅದೊಂದೇ ಫೋನ್. ಚಿತ್ತಾಪುರದ್ದು.

“ಯವ್ವಾ, ಬೋಣಿ ಆತು. ಫೋಟೊ ಚಂದ ಬಂದದ.”

“ಹೌದ್ರಿ ಕಾಕಾ. ಇಲ್ಲೂ ಕಾಣ್ತದ.”

ಫೋನ್ ಇಟ್ಟು ಭಾಗ್ಯಜ್ಯೋತಿ ಪರದೆಯ ಕಡೆ ತಿರುಗುತ್ತಾರೆ. ಹಿಡಿದವರ ಹೆಸರು ಬರುವ ಜಾಗ ಖಾಲಿ ಇದೆ. ಐದೂರಿನಲ್ಲಿ ಲಾರಿಗಳು ಹತ್ತುತ್ತಿವೆ, ಇಳಿಯುತ್ತಿವೆ. ಇಲ್ಲಿ ಅದರ ಸದ್ದಿಲ್ಲ.

“ಯಾರು ಹಿಡ್ಕೊಂಡಾರ?” ಎಂದು ಒಲೆಯ ಕಡೆಯಿಂದ ಅನಸುಬಾಯಿ ಕೇಳುತ್ತಾರೆ.

“ಯಾರೂ ಇಲ್ಲ, ಯವ್ವಾ.” ಸೀರೆಯ ತುಂಡನ್ನು ಕಂಪ್ಯೂಟರಿನ ಮೇಲೆ ನೇರ ಮಾಡುತ್ತಾ ಅವರು ಏಳುತ್ತಾರೆ. “ಹಾಲಿನಾಕಿ ಒಬ್ಬಾಕಿ ಉಳದಾಳ. ತಡಿ, ಮುಖ ತೊಳ್ಕೊಂಡು ಹೋಗಿ ಬಿಡಿಸ್ಕೊಂಡು ಬರ್ತೀನಿ.”